ಮುರಿಯಬೇಕಾದರೆ ಮೊದಲು ದಾಖಲೆ ಇರಬೇಕು

2024ರ ಫೆಬ್ರುವರಿ 15ರಂದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಮಿಷಿಗನ್ ತಂಡದ ವಿರುದ್ಧ 49 ಅಂಕ ಗಳಿಸಿದರು. ಅದರೊಂದಿಗೆ ಕೆಲ್ಸಿ ಪ್ಲಮ್ ಅವರ ಹೆಸರಿನಲ್ಲಿದ್ದ 3,527 ಅಂಕಗಳ ದಾಖಲೆ ಹಿಂದೆ ಬಿತ್ತು. ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್‌ನ ಸಾರ್ವಕಾಲಿಕ ದಾಖಲೆ ಮುರಿಯಿತೆಂದು ಪತ್ರಿಕೆಗಳು ಸಾರಿದವು. ಇದಾದ ಹದಿಮೂರು ದಿನಗಳಿಗೆ, ಫೆಬ್ರುವರಿ 28ರಂದು, ಅದೇ ಕ್ಲಾರ್ಕ್ ಲಿನೆಟ್ ವುಡರ್ಡ್ ಎಂಬುವರ 3,649 ಅಂಕಗಳನ್ನು ದಾಟಿದರು. ಆಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು: 3,649 ಅಂಕ ಗಳಿಸಿದವರೊಬ್ಬರು ಮೊದಲೇ ಇದ್ದಮೇಲೆ 3,527 ಅಂಕಗಳು ಸಾರ್ವಕಾಲಿಕ ದಾಖಲೆ ಆಗಿದ್ದಾದರೂ ಹೇಗೆ?

ಇದಕ್ಕೆ ಉತ್ತರ ಅಂಕಗಣಿತದಲ್ಲಿಲ್ಲ, ಇತಿಹಾಸದಲ್ಲಿದೆ. ವುಡರ್ಡ್ ಕ್ಯಾನ್ಸಸ್ ವಿಶ್ವವಿದ್ಯಾಲಯದ ಪರವಾಗಿ ಆಡಿದ್ದು 1977ರಿಂದ 1981ರವರೆಗೆ. ಆ ಕಾಲದಲ್ಲಿ ಅಮೆರಿಕದ ಕಾಲೇಜು ಕ್ರೀಡೆಗಳ ದೊಡ್ಡ ಯಜಮಾನನಾದ ಎನ್‌ಸಿಎಎ ಮಹಿಳೆಯರ ಸ್ಪರ್ಧೆಗಳನ್ನು ನಡೆಸುತ್ತಲೇ ಇರಲಿಲ್ಲ. 1906ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಮುಕ್ಕಾಲು ಶತಮಾನದ ಕಾಲ ಹೆಣ್ಣುಮಕ್ಕಳ ಆಟ ಕಣ್ಣಿಗೆ ಬಿದ್ದಿರಲಿಲ್ಲ. ಮಹಿಳಾ ದೈಹಿಕ ಶಿಕ್ಷಣ ತಜ್ಞೆಯರು ಸೇರಿ 1971ರಲ್ಲಿ ಎಐಎಡಬ್ಲ್ಯು ಎಂಬ ತಮ್ಮದೇ ಸಂಘವನ್ನು ಕಟ್ಟಿ, ರಾಷ್ಟ್ರಮಟ್ಟದ ಪಂದ್ಯಾವಳಿಗಳನ್ನು ನಡೆಸಿ, ಒಂಬೈನೂರಕ್ಕೂ ಹೆಚ್ಚು ಕಾಲೇಜುಗಳನ್ನು ಒಂದುಗೂಡಿಸಿದರು. ಮಹಿಳಾ ಕ್ರೀಡೆಗೆ ಪ್ರೇಕ್ಷಕರೂ ಟೆಲಿವಿಷನ್ನೂ ಬರತೊಡಗಿದ ಮೇಲೆ, 1981-82ರಲ್ಲಿ, ಎನ್‌ಸಿಎಎ ತನ್ನದೇ ಮಹಿಳಾ ಚಾಂಪಿಯನ್‌ಷಿಪ್ ಆರಂಭಿಸಿತು. ಎಐಎಡಬ್ಲ್ಯು ಕಚೇರಿ ಮುಚ್ಚಬೇಕಾಯಿತು. ನ್ಯಾಯಾಲಯಕ್ಕೆ ಹೋದರೂ ಗೆಲ್ಲಲಿಲ್ಲ. ಗೆದ್ದ ಸಂಸ್ಥೆ ಆಟವನ್ನು ವಹಿಸಿಕೊಂಡಿತು, ಆದರೆ ಆಟದ ನೆನಪನ್ನು ವಹಿಸಿಕೊಳ್ಳಲಿಲ್ಲ. ಅದರ ದಾಖಲೆ ಪುಸ್ತಕದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ಹುಟ್ಟಿದ್ದೇ 1981-82ರಲ್ಲಿ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ರೂಪಿಸಿದ ಜೇಮ್ಸ್ ನೈಸ್ಮಿತ್ 1898ರಿಂದ ಪಾಠ ಹೇಳಿದ್ದು ಇದೇ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ. ಆಟದ ಜನಕನ ಅಂಗಳದಲ್ಲಿ ಆಡಿ ಬೆಳೆದ, 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ನಾಯಕಿಯಾಗಿದ್ದ ಆಟಗಾರ್ತಿಗೆ ಆ ಆಟದ ಪುಸ್ತಕದಲ್ಲಿ ಜಾಗವಿರಲಿಲ್ಲ. ವುಡರ್ಡ್ ಅವರ ಅಂಕಗಳೇ ನಿಜವಾದ ದಾಖಲೆ ಎಂದು ಆ ದಿನಗಳಲ್ಲಿ ಬಹಿರಂಗವಾಗಿ ಹೇಳಿದವರಲ್ಲಿ ಸ್ವತಃ ಕ್ಲಾರ್ಕ್ ಅವರ ತರಬೇತುದಾರ್ತಿ ಲಿಸಾ ಬ್ಲೂಡರ್ ಇದ್ದರು ಎಂಬುದನ್ನು ಇಲ್ಲಿ ಸ್ಮರಿಸಬೇಕು. ತನ್ನ ಶಿಷ್ಯೆಯ ಕೀರ್ತಿ ಹದಿಮೂರು ದಿನ ತಡವಾದರೂ ಚಿಂತೆಯಿಲ್ಲ, ಲೆಕ್ಕ ಸರಿಯಿರಬೇಕು ಎಂಬ ನಿಲುವು ಅದು.

ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ದಕ್ಷಿಣ ಕೆರೊಲಿನಾದ ಪರ್ಲ್ ಮೂರ್ ಎಂಬ ಆಟಗಾರ್ತಿ 1975ರಿಂದ 1979ರ ನಡುವೆ 4,061 ಅಂಕ ಗಳಿಸಿದ್ದರು. ಕ್ಲಾರ್ಕ್ ತಮ್ಮ ಕಾಲೇಜು ಜೀವನವನ್ನು ಮುಗಿಸಿದ್ದು 3,951ಕ್ಕೆ. ಹಾಗಾದರೆ ಮೂರ್ ಅವರೇ ಮೊದಲಿಗರೆ? ಅವರು ಆಡಿದ ಫ್ರಾನ್ಸಿಸ್ ಮೇರಿಯನ್ ಸಣ್ಣ ಕಾಲೇಜು. ಎದುರಾಳಿಗಳೂ ಬಹುಪಾಲು ಅಂಥವೇ. ಅವರ ಒಟ್ಟು ಅಂಕಗಳಲ್ಲಿ 177 ಅದಕ್ಕೂ ಮುಂಚೆ ಒಂದು ಜೂನಿಯರ್ ಕಾಲೇಜಿನಲ್ಲಿ ಗಳಿಸಿದವು. ಅದನ್ನು ಕಳೆದರೆ ಉಳಿಯುವುದು 3,884. ಇನ್ನೊಂದು ಕಡೆ, ಮೂರ್ ಮತ್ತು ವುಡರ್ಡ್ ಆಡುವಾಗ ಮೂರು ಅಂಕದ ಗೆರೆಯೇ ಇರಲಿಲ್ಲ; ಅದು ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್‌ಗೆ ಬಂದದ್ದು 1987-88ರಲ್ಲಿ. ಅವರು ಎಸೆದದ್ದು ಪುರುಷರು ಬಳಸುವ ದೊಡ್ಡ ಚೆಂಡನ್ನು. ದೂರದಿಂದ ಹಾಕಿದರೂ ಎರಡೇ ಅಂಕ. ಇವುಗಳಲ್ಲಿ ಯಾವುದನ್ನು ಕೂಡಬೇಕು, ಯಾವುದನ್ನು ಕಳೆಯಬೇಕು? ನನ್ನ ಅಭಿಪ್ರಾಯ ಸರಳವಾದದ್ದು. ಯಾವುದನ್ನೂ ಮುಚ್ಚಿಡದೆ ಎಲ್ಲವನ್ನೂ ಬರೆದು, ಪಕ್ಕದಲ್ಲಿ ಟಿಪ್ಪಣಿ ಹಾಕಿದರೆ ಓದುಗನೇ ತೂಗಿ ನೋಡಿಕೊಳ್ಳುತ್ತಾನೆ. ಬರೆಯದೆ ಬಿಟ್ಟರೆ ತೂಗಲು ತಕ್ಕಡಿಯಲ್ಲಿ ಏನೂ ಇರುವುದಿಲ್ಲ.

ಅಂಕಿ ಅಂಶಗಳು ನಿರ್ದಾಕ್ಷಿಣ್ಯವಾದವು, ಸುಳ್ಳು ಹೇಳಲಾರವು ಎಂದು ನಾವು ನಂಬಿದ್ದೇವೆ. ಆದರೆ ಪ್ರತಿ ಅಂಕಿಯ ಹಿಂದೆಯೂ ಯಾರೋ ಒಬ್ಬರು ಒಂದು ದಿನ ಕುಳಿತು ಮಾಡಿದ ನಿರ್ಧಾರವೊಂದು ಇರುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಚೆಂಡು ಹಿಡಿದು ಓಡಿದ ದೂರವನ್ನು ಅಲ್ಲಿ ಗಜಗಳಲ್ಲಿ ಅಳೆಯುತ್ತಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾನ್ ಡೇನ್ 1996ರಿಂದ 1999ರವರೆಗೆ ಒಟ್ಟು 7,125 ಗಜ ಓಡಿದ್ದರು. 2016ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್‌ನ ಡಾನೆಲ್ ಪಂಫ್ರಿ 6,405 ಗಜ ತಲುಪಿದಾಗ ಅವರು ಡೇನ್ ಅವರ ದಾಖಲೆಯನ್ನು ಮುರಿದರೆಂದು ಅಧಿಕೃತವಾಗಿ ಘೋಷಿಸಲಾಯಿತು. 6,405 ಹೇಗೆ 7,125ಕ್ಕಿಂತ ದೊಡ್ಡದಾಯಿತು? ಋತುವಿನ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯಗಳ ಅಂಕಿಗಳನ್ನು ಎನ್‌ಸಿಎಎ 2002ರವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಆ ವರ್ಷದಿಂದ ತೆಗೆದುಕೊಳ್ಳತೊಡಗಿತು; ಹಳಬರಿಗೆ ಮಾತ್ರ ಅದನ್ನು ಅನ್ವಯಿಸಲಿಲ್ಲ. ಡೇನ್ ನಾಲ್ಕು ಬೌಲ್ ಪಂದ್ಯಗಳಲ್ಲಿ ಓಡಿದ 728 ಗಜ ಹೀಗೆ ಗಾಳಿಗೆ ಹೋಯಿತು. ಅವರ ಲೆಕ್ಕ 6,397ಕ್ಕೆ ನಿಂತಿತು. ಪಂಫ್ರಿ ಬೌಲ್ ಪಂದ್ಯಗಳಲ್ಲಿ ಓಡಿದ್ದು ಲೆಕ್ಕಕ್ಕೆ ಬಂತು. ಎಂಟು ಗಜಗಳ ಅಂತರದಲ್ಲಿ ದಾಖಲೆ ಕೈ ಬದಲಾಯಿಸಿತು. ಇಬ್ಬರು ಆಟಗಾರರೂ ಇದರಲ್ಲಿ ತಪ್ಪು ಮಾಡಿಲ್ಲ. ಅಳತೆಗೋಲನ್ನು ಬದಲಿಸಿದವರು, ಹಳೆಯ ಬಟ್ಟೆಯನ್ನು ಹೊಸ ಗೋಲಿನಿಂದ ಮತ್ತೊಮ್ಮೆ ಅಳೆಯುವ ಶ್ರಮ ತೆಗೆದುಕೊಳ್ಳಲಿಲ್ಲ, ಅಷ್ಟೆ.

ಇನ್ನೂ ಹಿಂದಿನ ಪ್ರಕರಣವೊಂದಿದೆ. 1953ರಲ್ಲಿ ಒಹಾಯೊ ರಾಜ್ಯದ ರಿಯೊ ಗ್ರ್ಯಾಂಡ್ ಎಂಬ, ನೂರು ವಿದ್ಯಾರ್ಥಿಗಳೂ ಇರದ ಪುಟ್ಟ ಕಾಲೇಜಿನ ಬೀವೊ ಫ್ರಾನ್ಸಿಸ್ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 116 ಅಂಕ ಗಳಿಸಿದ. ಎದುರಾಳಿ ಜೂನಿಯರ್ ಕಾಲೇಜು. ಆದ್ದರಿಂದ ಆ ಅಂಕಗಳನ್ನು ದಾಖಲೆಯೆಂದು ಒಪ್ಪಲಾಗದು ಎಂದರು. ಮರುವರ್ಷ ಆತ ಹಿಲ್ಸ್‌ಡೇಲ್ ಎಂಬ ನಾಲ್ಕು ವರ್ಷದ ಪದವಿ ಕಾಲೇಜಿನ ವಿರುದ್ಧವೇ 113 ಅಂಕ ಗಳಿಸಿ ತೋರಿಸಿದ. ಆ 113 ಪುಸ್ತಕ ಸೇರಿ, 2012ರಲ್ಲಿ ಗ್ರಿನೆಲ್ ಕಾಲೇಜಿನ ಜ್ಯಾಕ್ ಟೇಲರ್ 138 ಅಂಕ ಗಳಿಸುವವರೆಗೆ ಅಲ್ಲಿಯೇ ಉಳಿಯಿತು. ಈ ಪ್ರಕರಣದಲ್ಲಿ ನಿಯಮ ಕಠಿಣವಾಗಿತ್ತೇ ಹೊರತು ಮುಚ್ಚುಮರೆ ಇರಲಿಲ್ಲ. ಯಾವುದು ಲೆಕ್ಕಕ್ಕೆ ಬರುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದರಿಂದ ಆಟಗಾರನಿಗೂ ಉತ್ತರ ಕೊಡಲು ಸಾಧ್ಯವಾಯಿತು.

ದಾಖಲೆಯನ್ನು ಶಿಕ್ಷೆಯ ಆಯುಧವನ್ನಾಗಿ ಬಳಸಿದಾಗ ಏನಾಗುತ್ತದೆ ಎಂಬುದಕ್ಕೂ ಅಲ್ಲಿ ನಿದರ್ಶನಗಳಿವೆ. 2013ರ ಏಪ್ರಿಲ್‌ನಲ್ಲಿ ಪುರುಷರ ಬಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಲೂಯಿವಿಲ್ ತಂಡ ಮಿಷಿಗನ್ ತಂಡವನ್ನು 82-76ರಿಂದ ಸೋಲಿಸಿತು. ಕ್ರೀಡಾಂಗಣದಲ್ಲಿ ಸಾವಿರಾರು ಜನ, ಮನೆಗಳಲ್ಲಿ ಕೋಟ್ಯಂತರ ಜನ ಅದನ್ನು ನೋಡಿದರು. ತಂಡದ ಆಡಳಿತದಲ್ಲಿ ಗಂಭೀರ ಅಕ್ರಮ ನಡೆದಿತ್ತೆಂದು ಗೊತ್ತಾಗಿ 2018ರ ಫೆಬ್ರುವರಿಯಲ್ಲಿ ಆ ಪ್ರಶಸ್ತಿಯನ್ನು ರದ್ದುಪಡಿಸಿದರು. ಕ್ರೀಡಾಂಗಣದ ಚಾವಣಿಯಿಂದ ವಿಜಯಪತಾಕೆ ಕೆಳಗಿಳಿಯಿತು. ಆದರೆ ಮಿಷಿಗನ್ ತಂಡವನ್ನು ವಿಜಯಿ ಎಂದೂ ಘೋಷಿಸಲಿಲ್ಲ. ಅಂದರೆ ಪುಸ್ತಕದ ಪ್ರಕಾರ ಒಬ್ಬರು ಸೋತಿದ್ದಾರೆ, ಗೆದ್ದವರು ಯಾರೂ ಇಲ್ಲ! ಆಟಗಾರರು ನ್ಯಾಯಾಲಯಕ್ಕೆ ಹೋದ ಮೇಲೆ 2019ರಲ್ಲಿ ರಾಜಿಯಾಗಿ, ಅವರ ವೈಯಕ್ತಿಕ ಅಂಕಿಗಳೂ ಲ್ಯೂಕ್ ಹ್ಯಾನ್ಕಾಕ್‌ಗೆ ಸಂದಿದ್ದ ಶ್ರೇಷ್ಠ ಆಟಗಾರ ಗೌರವವೂ ಮರಳಿ ಬಂದವು; ತಂಡದ ಗೆಲುವು ಮಾತ್ರ ಬರಲಿಲ್ಲ. ಯಾರೂ ಗೆಲ್ಲದ ಪಂದ್ಯಾವಳಿಗೆ ಒಬ್ಬ ಶ್ರೇಷ್ಠ ಆಟಗಾರ. ಪೆನ್ ಸ್ಟೇಟ್‌ನ ಫುಟ್‌ಬಾಲ್ ತರಬೇತುದಾರ ಜೋ ಪಟೆರ್ನೊ ಅವರ ಕತೆ ಇನ್ನೂ ವಿಚಿತ್ರ. ಅವರ ಸಹಾಯಕನಾಗಿದ್ದವನ ಹೇಯ ಅಪರಾಧಗಳು ಬಯಲಾದ ಮೇಲೆ, 2012ರಲ್ಲಿ, ಅವರ 409 ಗೆಲುವುಗಳಲ್ಲಿ 111ನ್ನು ಅಳಿಸಿ 298ಕ್ಕೆ ಇಳಿಸಲಾಯಿತು. 2015ರ ಜನವರಿಯಲ್ಲಿ ಒಪ್ಪಂದವೊಂದರ ಫಲವಾಗಿ ಮತ್ತೆ 409ಕ್ಕೆ ಏರಿಸಲಾಯಿತು.

ತಪ್ಪಿತಸ್ಥರಿಗೆ ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರಶಸ್ತಿ ಕಸಿದುಕೊಳ್ಳಲಿ, ದಂಡ ಹಾಕಲಿ, ನಿಷೇಧಿಸಲಿ. ಗೌರವವೆಂಬುದು ಕೊಡುವವರ ಸೊತ್ತು; ಅದನ್ನು ಹಿಂಪಡೆಯುವ ಹಕ್ಕು ಅವರಿಗಿದೆ. ಆದರೆ ಆ ದಿನ ಆ ಅಂಗಳದಲ್ಲಿ ನಡೆದದ್ದು ಯಾರ ಸೊತ್ತೂ ಅಲ್ಲ. ಅದನ್ನು ಅಳಿಸಿದರೆ ಅಪರಾಧದ ನೆನಪೂ ಅದರೊಡನೆ ಮಾಸುತ್ತದೆ. ಫಲಿತಾಂಶವನ್ನು ಹಾಗೆಯೇ ಉಳಿಸಿ, ಅದರ ಕೆಳಗೆ ‘ಈ ಕಾರಣಕ್ಕಾಗಿ ಪ್ರಶಸ್ತಿ ರದ್ದಾಗಿದೆ’ ಎಂದು ಬರೆದರೆ ಅದು ಖಾಲಿ ಜಾಗಕ್ಕಿಂತ ಹೆಚ್ಚು ಮಾತನಾಡುತ್ತದೆ.

ಇಷ್ಟೆಲ್ಲ ದೋಷಗಳನ್ನು ನಾವು ಎತ್ತಿ ತೋರಿಸಲು ಸಾಧ್ಯವಾಗಿರುವುದೇ ಅಲ್ಲಿ ದಾಖಲೆಗಳು ಇರುವುದರಿಂದ ಎಂಬುದನ್ನು ಮರೆಯಬಾರದು. 1937ರಲ್ಲಿ ಹೋಮರ್ ಕುಕ್ ಎಂಬಾತ ಅಮೆರಿಕನ್ ಫುಟ್‌ಬಾಲ್ ಅಂಕಿಅಂಶ ಸಂಸ್ಥೆಯನ್ನು ಆರಂಭಿಸಿ, ದೇಶದ ಕಾಲೇಜುಗಳಿಂದ ಒಂದೇ ನಮೂನೆಯಲ್ಲಿ ಅಂಕಿಗಳನ್ನು ತರಿಸಿಕೊಳ್ಳತೊಡಗಿದ. ಅದೇ ಮುಂದೆ ಎನ್‌ಸಿಎಎಯ ಅಧಿಕೃತ ವ್ಯವಸ್ಥೆಯಾಯಿತು. ಕಾಲೇಜುಗಳಲ್ಲಿ ಕ್ರೀಡಾ ಮಾಹಿತಿ ಅಧಿಕಾರಿ ಎಂಬ ಹುದ್ದೆಯೇ ಇದೆ. ಅವರ ವೃತ್ತಿಸಂಘ 1957ರಷ್ಟು ಹಳೆಯದು. ಕುಕ್ ಮಾಡಿದ ದೊಡ್ಡ ಕೆಲಸ ಅಂಕಿ ಸಂಗ್ರಹ ಮಾತ್ರವಲ್ಲ, ಏಕರೂಪತೆ. ಒಂದು ಸಣ್ಣ ಸಂಗತಿ ನೋಡಿ. ಚೆಂಡು ಎಸೆಯಬೇಕಾದ ಆಟಗಾರನನ್ನು ಎದುರಾಳಿಗಳು ಎಸೆಯುವ ಮುನ್ನವೇ ಕೆಡವಿದರೆ, ನಷ್ಟವಾದ ಗಜಗಳನ್ನು ಕಾಲೇಜು ಫುಟ್‌ಬಾಲ್ ಓಟದ ಲೆಕ್ಕದಲ್ಲಿ ಕಳೆಯುತ್ತದೆ. ವೃತ್ತಿಪರ ಫುಟ್‌ಬಾಲ್ ಎಸೆತದ ಲೆಕ್ಕದಲ್ಲಿ ಕಳೆಯುತ್ತದೆ. ಎರಡೂ ಸರಿಯೇ. ಆದರೆ ಒಂದು ಕಾಲೇಜು ಹೀಗೆ, ಇನ್ನೊಂದು ಕಾಲೇಜು ಹಾಗೆ ಎಂದಾದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಅಲ್ಲಿ ಕಾಲೇಜು ಕ್ರೀಡೆ ಕೋಟಿಗಟ್ಟಲೆ ಡಾಲರುಗಳ ವ್ಯಾಪಾರ, ಅದಕ್ಕೇ ಅಷ್ಟು ಕಾಳಜಿ ಎನ್ನಬಹುದು. ಅರ್ಧ ಮಾತ್ರ ನಿಜ. 1937ರಲ್ಲಿ ಟೆಲಿವಿಷನ್ ಹಣವಿರಲಿಲ್ಲ. ರಿಯೊ ಗ್ರ್ಯಾಂಡ್‌ನಂಥ ಬಡ ಕಾಲೇಜಿನಲ್ಲಿ ಯಾವ ಹಣವೂ ಇರಲಿಲ್ಲ. ಆದರೂ ಅಲ್ಲಿ ಯಾರೋ ಸ್ಕೋರ್ ಪುಸ್ತಕ ಬರೆದಿಟ್ಟರು.

ಇನ್ನು ನಮ್ಮ ಮನೆಯ ಮಾತು. ನೈಸ್ಮಿತ್‌ನ ಸ್ಪ್ರಿಂಗ್‌ಫೀಲ್ಡ್ ಪರಂಪರೆ ನಮಗೆ ದೂರದ್ದಲ್ಲ. ಅಲ್ಲಿಂದಲೇ ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ಎಷ್ಟೋ ದೈಹಿಕ ಶಿಕ್ಷಕರಿಗೆ ಅದೇ ಗುರುಮನೆ. ಆಟ ಬಂತು, ನಿಯಮ ಬಂತು, ಸೀಟಿ ಬಂತು. ಬರೆದಿಡುವ ಅಭ್ಯಾಸ ಮಾತ್ರ ಹಡಗಿನಲ್ಲೇ ಉಳಿಯಿತೇನೋ. ಅಂತರ ವಿಶ್ವವಿದ್ಯಾಲಯ ಕ್ರಿಕೆಟ್‌ನ ರೋಹಿಂಟನ್ ಬಾರಿಯಾ ಟ್ರೋಫಿ 1935-36ರಿಂದ ನಡೆದು ಬಂದಿದೆ. ಸುನಿಲ್ ಗಾವಸ್ಕರ್ 1971ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಮುನ್ನ ಬಾಂಬೆ ವಿಶ್ವವಿದ್ಯಾಲಯದ ಪರವಾಗಿ 327 ರನ್ ಗಳಿಸಿದ್ದು ಕ್ರಿಕೆಟ್ ಪ್ರೇಮಿಗಳಿಗೆ ಬಾಯಿಪಾಠ. ಅವರು ಗಾವಸ್ಕರ್ ಆದದ್ದರಿಂದ ಆ ಅಂಕಿ ಉಳಿಯಿತು. ಗಾವಸ್ಕರ್ ಆಗದೇ ಹೋದ ನೂರಾರು ಹುಡುಗರ ಶತಕಗಳು ಎಲ್ಲಿ ಬರೆದಿಟ್ಟಿವೆ? ಪ್ರಸಿದ್ಧರ ಸಾಧನೆಯನ್ನು ಕಾಪಾಡಲು ದಾಖಲೆ ಪುಸ್ತಕ ಬೇಕಾಗಿಲ್ಲ, ಕೀರ್ತಿಯೇ ಕಾಪಾಡುತ್ತದೆ. ದಾಖಲೆ ಪುಸ್ತಕ ಬೇಕಿರುವುದು ಉಳಿದವರಿಗಾಗಿ.

ಎನ್‌ಸಿಎಎ 1982ರಿಂದ ಎಣಿಸಿತೆಂದು ನಾವು ನಗುವ ಹಾಗಿಲ್ಲ. ನಮ್ಮಲ್ಲಿ ಇಂಥ ‘ಹೊಸ ಹುಟ್ಟು’ಗಳು ಹಲವಾರು ಆಗಿವೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಬೇರೆಯಾದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿ ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳು ಅದರ ತೆಕ್ಕೆಗೆ ಹೋದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೇ ಮೂರಾಯಿತು. ಪ್ರತಿ ಸಲವೂ ಆಸ್ತಿ, ಕಟ್ಟಡ, ಸಿಬ್ಬಂದಿ, ಪಿಂಚಣಿಗಳ ಪಾಲುಪಟ್ಟಿ ತಯಾರಾಗುತ್ತದೆ. ಅಥ್ಲೆಟಿಕ್ ಕೂಟದ ದಾಖಲೆಗಳು ಯಾರ ಪಾಲಿಗೆ? ಅನಿಲ್ ಕುಂಬ್ಳೆ ಎಂಜಿನಿಯರಿಂಗ್ ಓದಿದ ಕಾಲದಲ್ಲಿ ಅವರ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯದ್ದು. ಜಾವಗಲ್ ಶ್ರೀನಾಥ್ ಓದಿದ ಕಾಲೇಜು ಮೈಸೂರು ವಿಶ್ವವಿದ್ಯಾಲಯದ್ದು. 1998ರಲ್ಲಿ ಎರಡೂ ಒಂದೇ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದವು. ಹೊಸ ವಿಶ್ವವಿದ್ಯಾಲಯದ ಮೊದಲ ಕೂಟದಲ್ಲಿ ಗೆದ್ದವರೆಲ್ಲ ‘ನೂತನ ದಾಖಲೆ’ ಮಾಡಿದವರೇ, ಏಕೆಂದರೆ ಮುರಿಯಲು ಹಳೆಯದು ಯಾವುದೂ ಇರುವುದಿಲ್ಲ.

ಹಲವು ವರ್ಷಗಳ ಹಿಂದೆ ನಮ್ಮ ರಾಜ್ಯದ ಕಾಲೇಜೊಂದರಲ್ಲಿ ಹಳೆಯ ಕ್ರೀಡಾಕೂಟಗಳ ವಿವರ ಕೇಳಿಕೊಂಡು ಹೋಗಿದ್ದೆ. ದೈಹಿಕ ಶಿಕ್ಷಣ ವಿಭಾಗದ ಗೋಡೆಯ ಮೇಲೆ ಮರದ ಫಲಕವಿತ್ತು. ಬಿಳಿ ಬಣ್ಣದಲ್ಲಿ ಸ್ಪರ್ಧೆ, ಹೆಸರು, ವರ್ಷ. ಎತ್ತರ ಜಿಗಿತದ ಎದುರು ಮೊದಲು ಅಡಿ, ಅಂಗುಲದಲ್ಲಿ ಬರೆದದ್ದರ ಮೇಲೆಯೇ ಮೀಟರ್ ಬರೆದಿದ್ದರು. ಓಟಗಳ ಎದುರು ಸೆಕೆಂಡುಗಳಿದ್ದವು. ಅವು ಕೈಗಡಿಯಾರದವೋ ವಿದ್ಯುನ್ಮಾನ ಯಂತ್ರದವೋ ತಿಳಿಯುವಂತಿರಲಿಲ್ಲ. ಮಹಿಳೆಯರ ಅಂಕಣದಲ್ಲಿ ಅರ್ಧಕ್ಕರ್ಧ ಖಾಲಿ. ಮೂಲ ರಿಜಿಸ್ಟರ್ ಕೇಳಿದೆ. ಕಟ್ಟಡಕ್ಕೆ ಸುಣ್ಣ ಬಳಿಸುವಾಗ ಹಳೆಯ ಕಾಗದಗಳನ್ನೆಲ್ಲ ತೂಕಕ್ಕೆ ಹಾಕಿದೆವು ಎಂಬ ಉತ್ತರ ಬಂತು. ಹೇಳಿದವರ ದನಿಯಲ್ಲಿ ವಿಷಾದವೇನೂ ಇರಲಿಲ್ಲ. ಇರಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ಕೇವಲ ಹಳೆಯ ನೆನಪುಗಳ ಹಂಬಲವಾಗಿದ್ದರೆ ಈ ಪುಟದಲ್ಲಿ ಬರೆಯುವ ಅಗತ್ಯವಿರಲಿಲ್ಲ. ನಮ್ಮಲ್ಲಿ ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಕ್ರೀಡಾ ಕೋಟಾ ಇದೆ. ರೈಲ್ವೆಯಲ್ಲಿ, ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಸಾಧನೆಯ ಆಧಾರದ ಮೇಲೆ ನೇಮಕ ನಡೆಯುತ್ತದೆ. ಎಲ್ಲಕ್ಕೂ ಆಧಾರ ಒಂದು ಕಾಗದ: ಪ್ರಮಾಣಪತ್ರ. ಆ ಕಾಗದ ನಿಜವೋ ಸುಳ್ಳೋ ಎಂದು ಪರೀಕ್ಷಿಸಬೇಕಾದರೆ ಅದರ ಹಿಂದೆ ಒಂದು ರಿಜಿಸ್ಟರ್ ಇರಬೇಕು. ಅದರಲ್ಲಿ ಆ ದಿನದ ಸ್ಪರ್ಧೆ, ಭಾಗವಹಿಸಿದವರು, ಫಲಿತಾಂಶ, ತೀರ್ಪುಗಾರರ ಸಹಿ ಇರಬೇಕು. ರಿಜಿಸ್ಟರ್ ಇಲ್ಲದ ಕಡೆ ಸುಳ್ಳು ಪ್ರಮಾಣಪತ್ರ ತಂದವನಿಗೆ ಭಯವಿಲ್ಲ. ನಿಜವಾಗಿ ಓಡಿ ಗೆದ್ದು, ಕಾಗದ ಕಳೆದುಕೊಂಡ ಹಳ್ಳಿಯ ಹುಡುಗಿಗೆ ದಾರಿಯಿಲ್ಲ. ಲೆಕ್ಕ ಇಡದಿರುವುದರಿಂದ ಆಗುವ ನಷ್ಟ ಎಲ್ಲರಿಗೂ ಸಮಾನವಲ್ಲ. ಅದು ಬೇರೆ ಯಾವ ಸಾಕ್ಷಿಯೂ ಇಲ್ಲದವರ ಪಾಲಿಗೇ ಹೆಚ್ಚು.

2022ರ ಏಪ್ರಿಲ್-ಮೇನಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆಯಿತು. ಅಂಥ ದೊಡ್ಡ ಕೂಟಗಳಲ್ಲಿ ವಿದ್ಯುನ್ಮಾನ ಗಡಿಯಾರವೂ ಕಂಪ್ಯೂಟರೂ ಇರುತ್ತವೆ. ಆದರೆ ಮೇಲಿನ ಮೆಟ್ಟಿಲಿಗೆ ಮಾತ್ರ ದೀಪ ಹಾಕಿದರೆ ಸಾಲದು. ಆ ಕೂಟಕ್ಕೆ ಬರುವ ಮುನ್ನ ಹುಡುಗರು ಕಾಲೇಜು ಕೂಟದಲ್ಲಿ, ಅಂತರ ಕಾಲೇಜು ಕೂಟದಲ್ಲಿ ಓಡಿರುತ್ತಾರೆ. ಒಬ್ಬಳು ಮೂರು ವರ್ಷಗಳಲ್ಲಿ ಎಷ್ಟು ಸುಧಾರಿಸಿದಳು, ಎಲ್ಲಿ ನಿಂತಳು, ಯಾವಾಗ ಗಾಯಗೊಂಡಳು ಎಂಬುದು ತಿಳಿಯುವುದು ಕೆಳಗಿನ ಆ ಮೆಟ್ಟಿಲುಗಳ ಲೆಕ್ಕದಿಂದ. ತರಬೇತುದಾರನಿಗೆ ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ಆಗಬೇಕಾದ ಕೆಲಸಕ್ಕೆ ದೊಡ್ಡ ಹಣ ಬೇಕಿಲ್ಲ. ಪ್ರತಿ ವಿಶ್ವವಿದ್ಯಾಲಯ ತನ್ನ ಕೂಟಗಳಿಗೆ ಒಂದೇ ನಮೂನೆಯ ಫಲಿತಾಂಶ ಪತ್ರ ಗೊತ್ತುಪಡಿಸಲಿ. ಗೆದ್ದ ಮೂವರನ್ನಷ್ಟೇ ಅಲ್ಲ, ಆಡಿದ ಎಲ್ಲರನ್ನೂ ಅದರಲ್ಲಿ ಬರೆಯಲಿ. ಕೈಗಡಿಯಾರದ ಸಮಯವಾದರೆ ಹಾಗೆಂದು ಗುರುತು ಹಾಕಲಿ. ವಿಶ್ವವಿದ್ಯಾಲಯ ಒಡೆದಾಗ ಕ್ರೀಡಾ ದಾಖಲೆಗಳ ಪ್ರತಿ ಎರಡೂ ಕಡೆ ಹೋಗಲಿ, ಹೊಸದರ ಪುಸ್ತಕ ‘ಹಿಂದಿನ ವಿಶ್ವವಿದ್ಯಾಲಯದ ಕಾಲದಲ್ಲಿ’ ಎಂಬ ಅಧ್ಯಾಯದಿಂದ ಆರಂಭವಾಗಲಿ. ತಪ್ಪು ಕಂಡುಬಂದರೆ ತಿದ್ದಲಿ. ತಿದ್ದಿದವರು ಯಾರು, ಯಾವಾಗ, ಯಾವ ಆಧಾರದ ಮೇಲೆ ಎಂಬುದನ್ನೂ ಬರೆಯಲಿ. ಹಳೆಯ ದಿನಪತ್ರಿಕೆಗಳ ಕ್ರೀಡಾಪುಟಗಳಲ್ಲಿ, ಕಾಲೇಜು ವಾರ್ಷಿಕ ಸಂಚಿಕೆಗಳಲ್ಲಿ, ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರ ಮನೆಯ ಟ್ರಂಕುಗಳಲ್ಲಿ ಇನ್ನೂ ಎಷ್ಟೋ ಉಳಿದಿವೆ. ಇತಿಹಾಸ, ಸಂಖ್ಯಾಶಾಸ್ತ್ರ ವಿಭಾಗಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗಲಾರದು. ತಡಮಾಡಿದಷ್ಟೂ ಟ್ರಂಕುಗಳು ತೂಕಕ್ಕೆ ಹೋಗುತ್ತವೆ.

ಕೆಲಸ ತಡವಾಗಿದೆ ಎಂಬುದು ಮಾಡದಿರಲು ಕಾರಣವಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್, ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರು ತಮ್ಮದೇ ಲೀಗುಗಳಲ್ಲಿ ಗಳಿಸಿದ ಅಂಕಿಗಳನ್ನು ತನ್ನ ಅಧಿಕೃತ ಪುಸ್ತಕಕ್ಕೆ ಸೇರಿಸಿಕೊಂಡಿತು. 1947ರಲ್ಲಿ ತೀರಿಕೊಂಡ ಜೋಷ್ ಗಿಬ್ಸನ್ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಅವರನ್ನು ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಬಂದರು. ಅದಕ್ಕೆ ಸಂಶೋಧಕರು ವರ್ಷಗಟ್ಟಲೆ ಹಳೆಯ ಪತ್ರಿಕೆಗಳನ್ನು ಜಾಲಾಡಿ ಒಂದೊಂದೇ ಸ್ಕೋರು ಹುಡುಕಿ ತೆಗೆದಿದ್ದರು. ಗಿಬ್ಸನ್‌ಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ಲಿನೆಟ್ ವುಡರ್ಡ್‌ಗೆ ಇತ್ತು. 2024ರ ಮಾರ್ಚ್ 3ರಂದು ಕ್ಲಾರ್ಕ್, ಪುರುಷರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದ ಪೀಟ್ ಮಾರಾವಿಚ್ ಅವರ 3,667ನ್ನೂ ದಾಟಿದ ಪಂದ್ಯಕ್ಕೆ ವುಡರ್ಡ್ ಅತಿಥಿಯಾಗಿ ಬಂದಿದ್ದರು. ಅವರ ಹೆಸರು ಆ ದಿನಗಳಲ್ಲಿ ಹೊಸ ತಲೆಮಾರಿಗೆ ಮೊದಲ ಬಾರಿ ಪರಿಚಯವಾಯಿತು. ನಾಲ್ಕು ದಶಕಗಳ ಹಿಂದೆ ಕ್ಯಾನ್ಸಸ್‌ನಲ್ಲಿ ಯಾರೋ ಒಬ್ಬರು ಸ್ಕೋರ್ ಮೇಜಿನ ಹಿಂದೆ ಕುಳಿತು, ಯಾರೂ ಕೇಳದಿದ್ದರೂ, ಪ್ರತಿ ಬುಟ್ಟಿಯನ್ನೂ ಗುರುತು ಮಾಡಿಕೊಂಡಿದ್ದರಿಂದ ಅದು ಸಾಧ್ಯವಾಯಿತು.